ಶುಭಗಳಿಗೆಯಲ್ಲಿ ಅಳಿದ ಡೇಟಾಬೇಸ್

"ಅಕ್ಕಾ, ಸಂಜೆಯೊಳಗೆ ಅವರನ್ನ ಪೊಲೀಸರಿಗೆ ಒಪ್ಪಿಸ್ತಾರಂತೆ," ಎಂದಳು ವಿಂಧ್ಯಾ. ಬಾಗಿಲು ತೆರೆದವಳು ನಾನಾದರೂ ಅವಳ ಕಣ್ಣು ನನ್ನ ಹೆಗಲಿನಾಚೆ ತುಂಗಾಳನ್ನು ಹುಡುಕುತ್ತಿತ್ತು.

ಅದಕ್ಕೆ ನನಗೆ ಬೇಸರವಿರಲಿಲ್ಲ. ಸೂರತ್‌ನ ಅಡಾಜಣ್‌ನಲ್ಲಿ ನಾವಿದ್ದ ಕಟ್ಟಡದಲ್ಲಿ ಯಾರಿಗೆ ಏನೇ ತೊಂದರೆಯಾದರೂ ಠಾಣೆಗೆ ಹೋಗುವ ಮುಂಚೆ ತುಂಗಾಳ ಬಳಿ ಬರುತ್ತಿದ್ದರು. ಧಾರವಾಡದ ತುಂಗಾ ವಿಮಾ ಕಂಪನಿಯೊಂದರಲ್ಲಿ ತನಿಖಾಧಿಕಾರಿ. ಸುಟ್ಟುಹೋದ ಸೀರೆ ಗೋದಾಮಿನ ಬೂದಿಯಲ್ಲಿ ನಿಂತು, ಒಳಗೆ ನಿಜವಾಗಿ ಸೀರೆಗಳಿದ್ದವೇ ಇಲ್ಲವೇ ಎಂದು ಹೇಳುವುದು ಅವಳ ಕೆಲಸ. ಮೈಸೂರಿನ ನನ್ನನ್ನು ಸೂರತ್‌ಗೆ ಎತ್ತಿಹಾಕಿದ್ದು ಬ್ಯಾಂಕು. ಒಂಟಿ ಹೆಂಗಸರಿಗೆ ಬಾಡಿಗೆಗೆ ಮನೆ ಸಿಗುವುದು ಕಷ್ಟವಾದ್ದರಿಂದ ಇಬ್ಬರೂ ಸೇರಿ ಒಂದು ಮನೆ ಹಿಡಿದಿದ್ದೆವು. ಅವಳ ತನಿಖೆಗಳಿಗೆ ನಾನು ಜೊತೆಗಾತಿ. ಅವಳು ತಾಳ್ಮೆಯಿಂದ ಕೇಳುತ್ತಾಳೆ, ನಾನು ಹಲ್ಲು ಕಡಿಯುತ್ತೇನೆ.

"ಅಳಬ್ಯಾಡವಾ, ಮೊದಲ ಒಳಗ ಬಾ," ಎಂದಳು ತುಂಗಾ. "ನಿತೇಶ ಏನು ಮಾಡ್ಯಾನ ಅಂತಾರ?"

ನಿತೇಶ ವಿಂಧ್ಯಾಳ ಗಂಡ. ದಾವಣಗೆರೆಯ ಈ ಜೋಡಿ ನಮ್ಮ ಮೇಲಿನ ಮಹಡಿಯಲ್ಲಿ ಬಾಡಿಗೆಗಿತ್ತು. ಹಜೀರಾದಲ್ಲಿದ್ದ ಜರಿವಾಲಾ ಸೇಠರ ನೂಲಿನ ಕಾರ್ಖಾನೆಯಲ್ಲಿ ಅವನು ಕಂಪ್ಯೂಟರ್ ಎಂಜಿನಿಯರ್.

"ಹೊಸ ಡೇಟಾಬೇಸ್ ಅಳಿಸಿಹಾಕಿದಾರೆ ಅಂತಾರೆ ಅಕ್ಕಾ. ಬೇಕಂತಲೇ, ಅದೂ ನಿನ್ನೆ, ಲಾಭಪಂಚಮಿ ದಿನ. ರಾತ್ರಿಯಿಂದ ಕಾರ್ಖಾನೆ ಗೆಸ್ಟ್ ಹೌಸಲ್ಲಿ ಕೂಡಿಹಾಕಿದಾರೆ. ಯಾರೋ ಆಫೀಸಿಂದ ಕೆಳಗಿರೋ ಮನೆ ಓನರ್ ಠಾಕೋರ್‌ಭಾಯ್‌ಗೂ ಫೋನ್ ಮಾಡಿ ಹೇಳಿಬಿಟ್ಟಿದಾರೆ. ಪೊಲೀಸ್ ಕೇಸಾದ್ರೆ ಇವತ್ತೇ ಮನೆ ಖಾಲಿ ಮಾಡಿ ಅಂದ್ರು ಅವರು. ನಾನು ಎಲ್ಲಿಗೆ ಹೋಗ್ಲಿ?"

ತುಂಗಾ ಚಪ್ಪಲಿ ಮೆಟ್ಟಿಕೊಂಡಳು. ನಾನು ಬ್ಯಾಂಕಿಗೆ ಫೋನ್ ಮಾಡಿ ಹೊಟ್ಟೆನೋವು ಎಂದೆ.

ಈ ಊರಿನ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ದೀಪಾವಳಿಗೆ ಮುಚ್ಚಿದ ಅಂಗಡಿಗಳನ್ನು ಗುಜರಾತಿನ ವ್ಯಾಪಾರಿಗಳು ತೆರೆಯುವುದು ಲಾಭಪಂಚಮಿಯ ದಿನ. ಚೋಪಡಾ ಎಂಬ ಹೊಸ ಲೆಕ್ಕದ ಪುಸ್ತಕ ಶುರುವಾಗುವುದೂ ಅಂದೇ. ಅದಕ್ಕೂ ಹೊತ್ತು ನೋಡಬೇಕು. ಹಗಲನ್ನು ಚೋಘಡಿಯಾ ಎಂಬ ತುಂಡುಗಳಾಗಿ ಕತ್ತರಿಸಿ ಶುಭ, ಲಾಭ, ಅಮೃತ ಎಂದು ಒಳ್ಳೆಯವಕ್ಕೂ, ರೋಗ, ಉದ್ವೇಗ ಎಂದು ಕೆಟ್ಟವಕ್ಕೂ ಹೆಸರಿಟ್ಟಿದ್ದಾರೆ. ಎರಡು ಸಾವಿರದ ಒಂದನೆಯ ಇಸವಿಯ ಆ ಲಾಭಪಂಚಮಿ ಸೋಮವಾರ ಬಂದಿತ್ತು. ಜರಿವಾಲಾ ಸೇಠರು ಕೆಂಪು ಬಟ್ಟೆಯ ಪುಸ್ತಕದ ಬದಲು ಅಂದು ಒಂದು ಲಿನಕ್ಸ್ ಸರ್ವರ್ ಪೂಜಿಸಿದ್ದರು. ಅದರಲ್ಲಿ ದೊಡ್ಡ ದೊಡ್ಡ ಕಂಪನಿಗಳು ಬಳಸುವ ಡೇಟಾಬೇಸ್ ಕೂರಿಸಿ ಇಡೀ ಕಾರ್ಖಾನೆಯ ಲೆಕ್ಕ ಅದಕ್ಕೆ ಒಪ್ಪಿಸುವುದು ಅವರ ಆಸೆ. ನಮ್ಮ ಬ್ಯಾಂಕಿಗೂ ಇಂಥ ಯಂತ್ರ ಬಂದಿತ್ತು. ಅದನ್ನು ತಂದ ಟೈ ಕಟ್ಟಿದ ಪಂಡಿತರು ವಾರಗಟ್ಟಲೆ ನಮ್ಮ ಕಾಫಿ ಕುಡಿದು, ಕಡೆಗೆ ಯಂತ್ರ ಕೆಟ್ಟರೆ ಆಫ್ ಮಾಡಿ ಆನ್ ಮಾಡಿ ಎಂದು ಹೇಳಿ ಹೋದರು. ಅಂದಿನಿಂದ ಆ ಜಾತಿಯನ್ನು ಕಂಡರೆ ನನಗಾಗದು.

ಜರಿವಾಲಾ ಸೇಠರ ಕೋಣೆಯಲ್ಲಿ ಇನ್ನೂ ಚೆಂಡುಹೂವಿನ ವಾಸನೆಯಿತ್ತು. ತೂಕದ ಮನುಷ್ಯ, ಬೆರಳಿಗೊಂದು ಉಂಗುರ. ಅವರ ಗೋದಾಮಿಗೆ ಹಿಂದೊಮ್ಮೆ ಬೆಂಕಿ ಬಿದ್ದಾಗ ತನಿಖೆ ಮಾಡಿದ್ದವಳು ತುಂಗಾಳೇ ಆದ್ದರಿಂದ ನಮ್ಮನ್ನು ಒಳಗೆ ಬಿಟ್ಟರು. ಅಲ್ಲಿ ನಡೆದ ಮಾತೆಲ್ಲ ಹಿಂದಿಯಲ್ಲಿ, ನಡುನಡುವೆ ಗುಜರಾತಿಯಲ್ಲಿ. ಅದನ್ನು ನಮ್ಮ ಭಾಷೆಯಲ್ಲೇ ಬರೆಯುತ್ತಿದ್ದೇನೆ.

"ನಷ್ಟದ ಮಾತಲ್ಲ ಬೆಹೆನ್. ಹಳೆಯ ಯಂತ್ರದಲ್ಲಿ ಲೆಕ್ಕವೆಲ್ಲ ಭದ್ರವಾಗಿದೆ," ಎಂದರು ಸೇಠ್. "ಆದರೆ ಲಾಭಪಂಚಮಿಯ ದಿನ ನನ್ನ ಹೊಸ ಚೋಪಡಾ ಹರಿದುಹಾಕಿದ ಹಾಗಾಯಿತಲ್ಲ! ಸಂಜೆ ನಾಲ್ಕಕ್ಕೆ ಊರಿನ ವ್ಯಾಪಾರಿಗಳನ್ನೆಲ್ಲ ಕರೆದಿದ್ದೆ. ಪರದೆ ಹಚ್ಚಿದರೆ ಒಳಗೆ ಏನೂ ಇಲ್ಲ. ಇಡೀ ವರ್ಷ ನನಗೆ ಅಪಶಕುನ."

"ಪರದೆಯ ಮೇಲೆ ಏನು ತೋರಿಸಬೇಕಿತ್ತು?" ಎಂದಳು ತುಂಗಾ.

"ಹುಟ್ಟಿದ ಹೊತ್ತು. ನನ್ನ ಅಪ್ಪ ಚೋಪಡಾದ ಮೊದಲ ಪುಟದಲ್ಲಿ ಮುಹೂರ್ತ ಬರೆಯುತ್ತಿದ್ದರು. ಡೇಟಾಬೇಸಿಗೂ ಹುಟ್ಟಿದ ಹೊತ್ತು ಇರುತ್ತದೆ, ಯಂತ್ರವೇ ಬರೆದಿಡುತ್ತದೆ ಎಂದು ಇಲ್ಲಿ ನನ್ನ ಹಿಂದೆ ನಿಂತಿರುವ ವಶಿ ಹೇಳಿದ್ದ. ಅದನ್ನೇ ದೊಡ್ಡದಾಗಿ ತೋರಿಸು ಎಂದಿದ್ದೆ. ಬೆಳಿಗ್ಗೆ ಶುಭ ಚೋಘಡಿಯಾದಲ್ಲಿ ನಾನೇ ಗುಂಡಿ ಒತ್ತಿ ಕ್ಯಾಂಟೀನಿಗೆ ಹೋದೆ, ಎಲ್ಲರೂ ನನ್ನ ಜೊತೆ ಫಾಫಡಾ ತಿನ್ನುತ್ತಿದ್ದರು. ಸರ್ವರ್ ಕೋಣೆಯಲ್ಲಿ ಉಳಿದವನು ಆ ಹುಡುಗನೊಬ್ಬನೇ. ವಶಿ ಪಾಪ, ಎಷ್ಟು ಆಸೆ ಇಟ್ಟುಕೊಂಡಿದ್ದ. ಮೂರಕ್ಕೆ ಸ್ವಲ್ಪ ಮುಂಚೆ ಮನೆಗೆ ಫೋನ್ ಮಾಡಿ, ಪರದೆಯಲ್ಲಿ ಶುಭದ ಹೊತ್ತೇ ಕಾಣುತ್ತಿದೆ ಸೇಠ್‌ಜೀ, ನೀವು ಬೇಫಿಕರ್ ಬನ್ನಿ ಎಂದಿದ್ದ."

ಪರಾಗ್ ವಶಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಸೇಠರ ಕುರ್ಚಿಯ ಹಿಂದೆ ಕೈಕಟ್ಟಿ ನಿಂತಿದ್ದ. ಸೇಠ್ ಕೆಮ್ಮಿದರೆ ನೀರಿನ ಲೋಟ ಹಿಡಿಯುವ ಗಿರಾಕಿ. ಹೊಗಳಿಕೆ ಕೇಳಿ ತಲೆ ತಗ್ಗಿಸಿದ. ನಾಚಿಕೆಯೆಂದು ಸೇಠ್ ಅಂದುಕೊಂಡಿರಬೇಕು.

"ಅಳಿಸಿದ್ದು ನಿತೇಶನೇ ಎಂದು ಹೇಗೆ ಗೊತ್ತು?"

ಉತ್ತರ ಕೊಟ್ಟವನು ಅಹಮದಾಬಾದಿನ ಕನ್ಸಲ್ಟೆಂಟ್ ಮಿಹಿರ್ ಓಝಾ. ಈ ತಂತ್ರಾಂಶ ಮಾರಿದ ಕಂಪನಿಯವನು, ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹೆಂಗಸರಿಗೆ ಇದೆಲ್ಲ ತಿಳಿಯದು ಎಂಬ ನಗು ಅವನ ತುಟಿಯ ಮೇಲೆ ಮನೆ ಮಾಡಿಕೊಂಡಿತ್ತು.

"ಮೇಡಂ, ಲಿನಕ್ಸ್ ಎಲ್ಲವನ್ನೂ ತನ್ನಷ್ಟಕ್ಕೆ ಬರೆದಿಡುತ್ತದೆ. ನಿನ್ನೆ ಸಂಜೆ ನಾನೇ ತೆಗೆದು ನೋಡಿದೆ. ಅಳಿಸುವ ಆಜ್ಞೆ ಹೋಗಿರುವುದು ಬೆಳಿಗ್ಗೆ ಹತ್ತೂಮುಕ್ಕಾಲಿಗೆ. ಅದಕ್ಕೆ ಬೇಕಾದ ಪಾಸ್‌ವರ್ಡ್ ಗೊತ್ತಿರುವುದು ನಿತೇಶ್‌ಗೆ ಮತ್ತು ವಶಿಯವರಿಗೆ ಮಾತ್ರ. ಆ ಹೊತ್ತಿಗೆ ವಶಿ ಕ್ಯಾಂಟೀನಿನಲ್ಲಿ ಸೇಠ್‌ಜೀ ಪಕ್ಕದಲ್ಲಿದ್ದರು. ಇನ್ನು ಉಳಿದವರು ಯಾರು?"

"ಯಂತ್ರಕ್ಕೆ ಹೊತ್ತು ಹೇಳುವವರು ಯಾರು?"

ಓಝಾ ನಕ್ಕ. "ಅದರೊಳಗೇ ಗಡಿಯಾರ ಇರುತ್ತದೆ ಮೇಡಂ."

"ಅದನ್ನು ತಿರುಗಿಸಬಹುದೇ?"

"ಪಾಸ್‌ವರ್ಡ್ ಇದ್ದವರು ತಿರುಗಿಸಬಹುದು. ಆದರೆ ತಲೆ ಕೆಟ್ಟವರನ್ನು ಬಿಟ್ಟು ಮತ್ಯಾರೂ ಚಾಲೂ ಸರ್ವರಿನ ಗಡಿಯಾರ ಮುಟ್ಟುವುದಿಲ್ಲ."

"ಮಧ್ಯಾಹ್ನ ಹೋಗುವ ಮುಂಚೆ ನಿತೇಶ ನಿಮಗೆ ಡೇಟಾಬೇಸ್ ತೋರಿಸಲಿಲ್ಲವೇ?" ತುಂಗಾ ವಶಿಯತ್ತ ತಿರುಗಿದಳು.

"ಎಲ್ಲ ಆಯಿತು ಎಂದ, ನಾನು ನಂಬಿದೆ. ಸಂಜೆಯ ಸಮಾರಂಭಕ್ಕೆ ಹೆಂಡತಿಯನ್ನು ಕರೆತರಲು ಎರಡೂವರೆಯ ಬಸ್ಸಿಗೆ ಹೋದ. ನನಗೆ ಲಿನಕ್ಸ್ ಬರುವುದಿಲ್ಲ, ಆ ಯಂತ್ರದ ಹತ್ತಿರವೂ ನಾನು ಹೋಗಿಲ್ಲ," ಎಂದ ವಶಿ.

ಲಿನಕ್ಸ್ ಬಾರದವನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಅಡುಗೆ ಬಾರದವನು ಮದುವೆ ಊಟದ ಗುತ್ತಿಗೆ ಹಿಡಿದ ಹಾಗೆ. ನನಗೆ ನಗು ಬಂತು, ಆದರೆ ವಿಂಧ್ಯಾಳ ಮುಖ ನೋಡಿ ನುಂಗಿಕೊಂಡೆ.

ಸರ್ವರ್ ಕೋಣೆ ತಣ್ಣಗಿತ್ತು. ಪೂಜೆ ಮಾಡಿಸಿದ ಪುರೋಹಿತರ, ಇಲ್ಲಿನವರ ಬಾಯಲ್ಲಿ ಮಹಾರಾಜರ, ಕೈ ಮಾತ್ರ ಬಲು ಧಾರಾಳ. ಸರ್ವರಿನ ಹಣೆಗೆ ಸ್ವಸ್ತಿಕ, ಕೀಬೋರ್ಡಿಗೆ ಕುಂಕುಮ, ಮೌಸಿಗೆ ಕುಂಕುಮ, ಮೇಜಿನ ಮೇಲಿದ್ದ ಸ್ಟೇಪ್ಲರಿಗೂ ಕುಂಕುಮ. ಗೋಡೆಯಲ್ಲಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನೂ ಬಿಟ್ಟಿರಲಿಲ್ಲ. ಮೇಜಿನ ಮೇಲೆ ತಂತ್ರಾಂಶದ ಮೂರು ಸಿ.ಡಿ.ಗಳ ಡಬ್ಬಿಗಳಿದ್ದವು. ಮೊದಲನೆಯದಕ್ಕೂ ಮೂರನೆಯದಕ್ಕೂ ಕುಂಕುಮದ ಮೇಲೆ ಅಕ್ಕಿಕಾಳು ಅಂಟಿತ್ತು. ಎರಡನೆಯದು ಈಗಷ್ಟೇ ಅಂಗಡಿಯಿಂದ ಬಂದಂತೆ ಫಳಫಳಿಸುತ್ತಿತ್ತು. ತುಂಗಾ ಅದನ್ನು ಕರವಸ್ತ್ರದಲ್ಲಿ ಹಿಡಿದೆತ್ತಿ, ತಿರುಗಿಸಿ ನೋಡಿ ಇಟ್ಟಳು.

"ಈ ಕುಂಕುಮ ಒರೆಸೋ ಪದ್ಧತಿ ಐತೇನ ಇಲ್ಲೆ?" ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

"ಒರೆಸೋದು? ನಮ್ಮ ಬ್ಯಾಂಕಿನ ತಿಜೋರಿ ಮೇಲೆ ಹೋದ ವರ್ಷದ್ದೇ ಇನ್ನೂ ಇದೆ," ಎಂದೆ.

ಗೆಸ್ಟ್ ಹೌಸಿನಲ್ಲಿ ನಿತೇಶ ಮಂಚದ ತುದಿಯಲ್ಲಿ ಕೂತಿದ್ದ. ಹೆಂಡತಿಯನ್ನು ಕಂಡು ಎದ್ದು ನಿಂತ. ತುಂಗಾ ಸುತ್ತಿಬಳಸಲಿಲ್ಲ.

"ನಿತೇಶ, ಎರಡನೇ ಸಿ.ಡಿ. ಯಾವಾಗ ಬಂತಪಾ?"

ಅವನ ಮುಖ ಬಿಳಿಚಿಕೊಂಡಿತು. "ಅದು... ಮೊದಲೇ ಇತ್ತು ಮೇಡಂ."

"ಸುಳ್ಳು ಹೇಳಾಕ ನಿನಗ ಬರಂಗಿಲ್ಲ. ಯಾರು ಹೇಳಿಕೊಟ್ರು?"

ಅವನು ಕಿಟಕಿಯ ಕಡೆ ನೋಡಿದ. "ವಶಿ ಸರ್ ಮಾತು ಕೊಟ್ಟಿದಾರೆ. ಮುಹೂರ್ತದ ವಿಷಯ ಬಾಯಿ ಬಿಡದಿದ್ರೆ ಪೊಲೀಸ್ ಇಲ್ಲದೆ ಮುಗಿಸ್ತೀನಿ, ರಾಜೀನಾಮೆ ಕೊಟ್ಟು ಹೋಗು ಅಂದ್ರು. ಸೇಠ್‌ಗೆ ಮುಹೂರ್ತ ತಪ್ಪಿದ್ದು ಗೊತ್ತಾದ್ರೆ ಗುಜರಾತಲ್ಲೇ ನಿಂಗೆ ಕೆಲಸ ಸಿಗಲ್ಲ ಅಂದ್ರು."

"ಕಳ್ಳ ಅನ್ನಿಸಿಕೊಂಡು ಹೋದ್ರೆ ಸಿಗುತ್ತಾ?" ಎಂದಳು ವಿಂಧ್ಯಾ. ಅಷ್ಟು ಹೊತ್ತು ಅಳುತ್ತಿದ್ದವಳ ದನಿ ಗಟ್ಟಿಯಾಗಿತ್ತು. "ನನಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ?"

ಅವನು ಮತ್ತೆ ಮಂಚದ ತುದಿಯಲ್ಲಿ ಕೂತ. ಓದಿದವನು, ಬುದ್ಧಿವಂತ, ಬೆನ್ನುಮೂಳೆ ಮಾತ್ರ ಹಾಸ್ಟೆಲಿನಲ್ಲಿ ಬಿಟ್ಟು ಬಂದಿದ್ದ. ನನಗೆ ಅವನ ಮೇಲೆ ಕನಿಕರವೂ ಕೋಪವೂ ಒಟ್ಟಿಗೇ ಬಂದವು.

ಮಧ್ಯಾಹ್ನ ತುಂಗಾ ಎಲ್ಲರನ್ನೂ ಸೇಠರ ಕೋಣೆಯಲ್ಲಿ ಸೇರಿಸಿದಳು. ವಶಿ ಮತ್ತೆ ಕುರ್ಚಿಯ ಹಿಂದೆ, ಓಝಾ ಮತ್ತೆ ಸೋಫಾದಲ್ಲಿ. ನಿತೇಶ ಬಾಗಿಲ ಬಳಿ, ಅವನ ಪಕ್ಕದಲ್ಲಿ ವಿಂಧ್ಯಾ. ತುಂಗಾ ಮೂರು ಡಬ್ಬಿಗಳನ್ನು ಸೇಠರ ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಸೇಠ್‌ಜೀ, ನಿನ್ನೆ ಪೂಜೆಯಲ್ಲಿ ನಿಮ್ಮ ಮಹಾರಾಜರು ಯಾವುದಕ್ಕಾದರೂ ಕುಂಕುಮ ಇಡದೆ ಬಿಟ್ಟರೇ?"

"ಅವರು ಬಿಡುವವರೇ? ನನ್ನ ಕನ್ನಡಕಕ್ಕೂ ಇಟ್ಟರು."

"ಹಾಗಾದರೆ ಇದಕ್ಕೇಕಿಲ್ಲ?"

ಸೇಠ್ ಎರಡನೆಯ ಡಬ್ಬಿಯನ್ನು ಎತ್ತಿ ನೋಡಿದರು. ಓಝಾನ ಕಾಲು ಕೆಳಗಿಳಿಯಿತು.

"ಪೂಜೆಯ ಹೊತ್ತಿಗೆ ಅದು ಇಲ್ಲಿರಲಿಲ್ಲ. ಮೂರೂ ಸಿ.ಡಿ. ಇಲ್ಲದೆ ಈ ಡೇಟಾಬೇಸ್ ಕೂರುವುದಿಲ್ಲ, ಅಲ್ಲವೇ ಓಝಾ ಅವರೇ? ನೀವು ಬೆಳಿಗ್ಗೆ ಗುಂಡಿ ಒತ್ತಿ ಕ್ಯಾಂಟೀನಿಗೆ ಹೋದಿರಿ ಸೇಠ್‌ಜೀ. ಯಂತ್ರ ಅರ್ಧಕ್ಕೆ ನಿಂತು ಎರಡನೆಯದನ್ನು ಹಾಕು ಎಂದಿತು. ಹಾಕಲು ಅದು ಇರಲಿಲ್ಲ. ಹತ್ತೂಮುಕ್ಕಾಲಿಗೆ ಡೇಟಾಬೇಸ್ ಇನ್ನೂ ಹುಟ್ಟೇ ಇರಲಿಲ್ಲ. ಹುಟ್ಟದ್ದನ್ನು ನಿತೇಶ ಹೇಗೆ ಕೊಂದ?"

"ಮತ್ತೆ ಯಂತ್ರ ಬರೆದಿರುವ ಹೊತ್ತು?" ಎಂದರು ಸೇಠ್.

"ಸುಳ್ಳು. ಗಡಿಯಾರ ತಿರುಗಿಸಿದ್ದಾರೆ. ಅದು ಆಮೇಲೆ. ಮೊದಲು ಓಝಾ ಅವರು ಮಾತಾಡಲಿ. ಮುಹೂರ್ತದ ಬಗ್ಗೆ ಸುಳ್ಳು ಹೇಳಿದವರು ಇಬ್ಬರು. ಅಳಿಸಿದವನು ಒಬ್ಬ. ಪೊಲೀಸರು ಬಂದಾಗ ಯಾವ ಸಾಲಿನಲ್ಲಿ ನಿಲ್ಲಬೇಕೋ ನೀವೇ ನೋಡಿಕೊಳ್ಳಿ."

ಓಝಾ ಯೋಚಿಸಲು ತೆಗೆದುಕೊಂಡ ಹೊತ್ತು ಒಂದು ಉಸಿರಿನಷ್ಟೂ ಇಲ್ಲ. "ಸೇಠ್‌ಜೀ, ಅಳಿಸಿದ್ದಕ್ಕೂ ನನಗೂ ಸಂಬಂಧ ಇಲ್ಲ! ನಮ್ಮ ಹುಡುಗರು ಎರಡನೇ ಸಿ.ಡಿ.ಯನ್ನು ವಡೋದರಾದ ಇನ್ನೊಬ್ಬ ಗಿರಾಕಿಯ ಯಂತ್ರದೊಳಗೇ ಮರೆತಿದ್ದರು. ವಶಿ ಫೋನ್ ಮಾಡಿದ ಮೇಲೆ ನಾನೇ ಅಲ್ಲಿಂದ ಕಾರಿನಲ್ಲಿ ತಂದೆ, ಹಿಂದಿನ ಗೇಟಿನಲ್ಲಿ ಕೊಟ್ಟೆ. ಆಗ ಮಧ್ಯಾಹ್ನವಾಗಿತ್ತು. ನಿಮಗೆ ಹೇಳಬೇಡ ಎಂದವರು ವಶಿ."

ಇಂಥ ದೊಡ್ಡ ಮನುಷ್ಯ! ಹತ್ತೂಮುಕ್ಕಾಲು ಎಂಬುದು ಆಗದ ಮಾತೆಂದು ಇಡೀ ಸೂರತ್‌ನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ತನ್ನ ಕಂಪನಿಯ ಮರೆವು ಬಯಲಾಗಬಾರದೆಂದು ಒಬ್ಬ ಹುಡುಗನನ್ನು ಜೈಲಿಗೆ ಕಳಿಸಲು ತಯಾರಾಗಿದ್ದ. ನನ್ನ ಮೈಯೆಲ್ಲ ಉರಿಯಿತು.

"ನಿತೇಶ ಊಟವನ್ನೂ ಬಿಟ್ಟು ಕೆಲಸ ಮುಗಿಸಿದ," ತುಂಗಾ ಮುಂದುವರಿಸಿದಳು. "ಡೇಟಾಬೇಸ್ ಎದ್ದು ಕೂತಿತು. ಅವನು ಅದನ್ನು ವಶಿಗೆ ತೋರಿಸಿ ಬಸ್ ಹತ್ತಿದ. ಆದರೆ ಅದು ಹುಟ್ಟಿದ್ದು ಶುಭದಲ್ಲಲ್ಲ, ಉದ್ವೇಗದಲ್ಲಿ. ಸಂಜೆ ಪರದೆಯ ಮೇಲೆ ಆ ಹೊತ್ತನ್ನು ಊರಿಗೇ ತೋರಿಸಬೇಕು. ಅದಕ್ಕೆ ವಶಿ ಒಂದು ಉಪಾಯ ಹೂಡಿದ. ಯಂತ್ರದ ಗಡಿಯಾರವನ್ನು ಬೆಳಗಿನ ಶುಭಕ್ಕೆ ತಿರುಗಿಸಿದ. ಹುಟ್ಟಿದ ಡೇಟಾಬೇಸನ್ನು ಅಳಿಸಿ, ಶುಭದ ಹೊತ್ತಿನಲ್ಲಿ ಇನ್ನೊಂದು ಹುಟ್ಟಿಸಿದರಾಯಿತು ಎಂದುಕೊಂಡ. ಅಳಿಸಲು ಒಂದು ಸಾಲು ಸಾಕು, ಅದು ಅವನಿಗೆ ಬಂತು. ಹುಟ್ಟಿಸುವುದು ಬರಲಿಲ್ಲ."

"ಸುಳ್ಳು," ಎಂದ ವಶಿ.

"ಸುಳ್ಳಾದರೆ ಸೇಠ್‌ಜೀಗೆ ಫೋನ್ ಮಾಡಿದ್ದೇಕೆ? ಯಂತ್ರದ ಹತ್ತಿರವೂ ಹೋಗದವರು, ಮೂರು ಗಂಟೆಯ ಹೊತ್ತಿಗೆ ಅದರ ಪರದೆಯಲ್ಲಿ ಬೆಳಗಿನ ಶುಭದ ಹೊತ್ತು ಹೇಗೆ ಕಂಡಿರಿ? ಗಡಿಯಾರ ತಿರುಗಿಸಿದವನ ಕಣ್ಣಿಗೆ ಮಾತ್ರ ಅದು ಕಾಣುತ್ತದೆ. ಪಾಸ್‌ವರ್ಡ್ ಗೊತ್ತಿದ್ದ ಇನ್ನೊಬ್ಬ ಆಗ ಬಸ್ಸಿನಲ್ಲಿದ್ದ, ಬಸ್ಸು ತುಂಬ ನಿಮ್ಮದೇ ಕೆಲಸಗಾರರಿದ್ದರು. ನೀವು ಹೊಗಳಿಕೆ ತಡೆಯಲಾರದೆ ಕೆಲಸ ಮುಗಿಯುವ ಮುಂಚೆಯೇ ಫೋನ್ ಎತ್ತಿಕೊಂಡಿರಿ. ಆಮೇಲೆ ಕೆಲಸ ಕೆಟ್ಟಿತು, ಗಡಿಯಾರ ಸರಿಮಾಡಿ ಸುಮ್ಮನಾದಿರಿ. ಸಂಜೆ ಓಝಾ ಹತ್ತೂಮುಕ್ಕಾಲು ಎಂದಾಗ ನಿಮಗೆ ಹೊಳೆಯಿತು, ಆ ಹೊತ್ತಿಗೆ ಕೋಣೆಯಲ್ಲಿದ್ದವನು ನಿತೇಶ. ಬಾಯಿ ಮುಚ್ಚಿಕೊಂಡರೆ ಸಾಕಿತ್ತು, ಮುಚ್ಚಿಕೊಂಡಿರಿ. ಸಾಲದ್ದಕ್ಕೆ ಅವನ ಬಾಯಿಯನ್ನೂ ಮುಚ್ಚಿಸಿದಿರಿ."

ವಶಿ ಕುಸಿದು ಸೇಠರ ಕಾಲು ಹಿಡಿಯಹೋದ. "ನಿಮಗೋಸ್ಕರವೇ ಮಾಡಿದ್ದು ಸೇಠ್‌ಜೀ. ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ."

ಸೇಠ್ ಕಾಲು ಹಿಂದೆಳೆದುಕೊಂಡರು. "ಮೂರು ಗಂಟೆಯ ಮೇಲೆ ಲಾಭ ಚೋಘಡಿಯಾ ಇತ್ತಲ್ಲೋ," ಎಂದರು. "ಲಾಭಪಂಚಮಿಯ ದಿನ ಲಾಭ. ಅದಕ್ಕಿಂತ ಒಳ್ಳೆಯದು ಯಾವುದಿದೆ? ಸಿ.ಡಿ. ಬಂದಿಲ್ಲ ಎಂದಿದ್ದರೆ ಆಮೇಲೆ ಇನ್ನೊಮ್ಮೆ ಗುಂಡಿ ಒತ್ತುತ್ತಿದ್ದೆ."

ಒಂದು ಗಂಟೆ ಕಾದಿದ್ದರೆ, ಒಂದು ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಯಜಮಾನನ ಮುಖ ಗಂಟಿಕ್ಕೀತೆಂಬ ಹೆದರಿಕೆಗೆ ವಶಿ ಯಂತ್ರವನ್ನೂ ಕೆಡಿಸಿ ಒಬ್ಬ ಹುಡುಗನ ಬಾಳಿಗೂ ಕೈ ಹಾಕಿದ್ದ. ಆ ಹೆದರಿಕೆ ಹುಟ್ಟಿಸಿ ಸಾಕಿದವರು ಯಾರೆಂದು ಸೇಠ್ ಕೇಳಿಕೊಂಡ ಹಾಗೆ ಕಾಣಲಿಲ್ಲ. ವಶಿಯನ್ನು ಹೊರಗೆ ಕಳಿಸಿದರು, ಓಝಾನೂ ಅವನ ಹಿಂದೆಯೇ ಜಾರಿಕೊಂಡ. ಸೇಠ್ ಉಂಗುರಗಳನ್ನು ತಿರುವುತ್ತ ನಿತೇಶನಿಗೆ ದೊಡ್ಡ ಮನಸ್ಸಿನ ನಗೆ ಬೀರಿದರು.

"ಆದದ್ದಾಯಿತು. ವಶಿಯ ಕುರ್ಚಿ ನಿನಗೆ. ನಾಳೆ ಒಳ್ಳೆಯ ಹೊತ್ತು ನೋಡಿ ಮತ್ತೆ ಕೂರಿಸು. ಹೊರಗೆ ಮಾತ್ರ ಈ ಮಾತು ಬೇಡ. ಕರೆಂಟ್ ಹೋಗಿತ್ತು ಎಂದುಬಿಡೋಣ."

ನಿತೇಶ ಆಗಲೇ ತಲೆಯಾಡಿಸಿಬಿಟ್ಟಿದ್ದ. ನಾಚಿಕೆಗೇಡಿಗೆ ಅದೂ ಸಾಕಾಗಿತ್ತು. ಆದರೆ ವಿಂಧ್ಯಾ ಮೇಜಿನ ಬಳಿ ಹೋಗಿ ಫೋನಿನ ರಿಸೀವರ್ ಎತ್ತಿದಳು. ಒಂದು ನಂಬರ್ ಒತ್ತಿ ಸೇಠರ ಮುಂದೆ ಚಾಚಿದಳು.

"ನಮ್ಮ ಮನೆ ಓನರ್ ಠಾಕೋರ್‌ಭಾಯ್," ಎಂದಳು ತನ್ನ ಹರಕು ಹಿಂದಿಯಲ್ಲಿ. "ನಿಮ್ಮ ಆಫೀಸಿನಿಂದ ಇವರನ್ನು ಕಳ್ಳ ಎಂದು ಹೇಳಿದ್ದಾರೆ. ಅಲ್ಲ ಎಂದು ನೀವೇ ಹೇಳಿ."

ಸೇಠರ ಕೈ ರಿಸೀವರಿನತ್ತ ಬರಲು ಬಹಳ ಹೊತ್ತು ಹಿಡಿಯಿತು. ತುಂಗಾ ಅವರನ್ನೇ ನೋಡುತ್ತ ಕೂತಳು. ಕಡೆಗೆ ತೆಗೆದುಕೊಂಡರು. ಬಾಯಿಗೆ ಕೈ ಅಡ್ಡ ಹಿಡಿದು, ಗುಟ್ಟು ಹೇಳುವವರಂತೆ ಗುಜರಾತಿಯಲ್ಲಿ ಪಿಸುಗುಟ್ಟಿದರು. "ಠಾಕೋರ್‌ಭಾಯ್, ಛೋಕರೋ ಚೋಖ್ಖೋ ಛೇ. ಹುಡುಗ ನಿರ್ದೋಷಿ. ತಪ್ಪು ನಮ್ಮದು."

"ಜೋರಾಗಿ ಹೇಳಿ," ಎಂದಳು ವಿಂಧ್ಯಾ. "ಅವರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ."

ನಾನು ಎದ್ದು ಬಾಗಿಲನ್ನು ಪೂರಾ ತೆರೆದೆ. ಹೊರಗಿನ ಹಾಲಿನಲ್ಲಿ ಗುಮಾಸ್ತರು, ಲೆಕ್ಕಿಗರು, ನಿನ್ನೆಯ ಸಂಗತಿಯ ಬಾಕಿ ತಿಳಿಯಲು ಬಂದಿದ್ದ ಇಬ್ಬರು ವ್ಯಾಪಾರಿಗಳು, ಎಲ್ಲರೂ ಕತ್ತೆತ್ತಿದರು. ಸೇಠ್ ನನ್ನನ್ನು ಸುಡುವಂತೆ ನೋಡಿ, ಗಂಟಲು ಸರಿಮಾಡಿಕೊಂಡು ಅದೇ ಮಾತನ್ನು ಕಿರುಚಿ ಹೇಳಿದರು. ವಿಂಧ್ಯಾ ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಹೇಳಿದರು.

ಹಿಂತಿರುಗುವಾಗ ಬಸ್ಸಿನಲ್ಲಿ ನಿತೇಶ ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋಗಿದ್ದ. ತುಂಗಾ ವಿಂಧ್ಯಾಳ ಕಡೆ ವಾಲಿದಳು.

"ಠಾಕೋರ್‌ಭಾಯ್‌ಗ ಕಿವಿ ಯಾವಾಗಿಂದ ಕೇಳಸಂಗಿಲ್ಲವಾ?"

"ಅವರಿಗಾ? ನಾವು ಮೇಲೆ ಸಾಸಿವೆ ಸಿಡಿಸಿದ್ರೆ ಕೆಳಗೆ ಕೂತು ಕೇಳಿಸ್ಕೋತಾರೆ ಅಕ್ಕಾ," ಎಂದಳು ವಿಂಧ್ಯಾ.